ಹತ್ತು ಗೋಲು ತಿಂದ ಮೇಲೂ ಮನೆಗೆ ಹೋಗದ ಮೇಷ್ಟ್ರು

1952ರ ಹೆಲ್ಸಿಂಕಿ ಒಲಿಂಪಿಕ್ಸ್. ಭಾರತದ ಫುಟ್‌ಬಾಲ್ ತಂಡ ಯುಗೊಸ್ಲಾವಿಯಾ ಎದುರು 10-1ರಿಂದ ಸೋತಿತು. ಆ ಒಂದೇ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್. ಬೆಂಚಿನ ಮೇಲೆ ಕೂತು ಹತ್ತನ್ನೂ ಎಣಿಸಿದವರು ಹೈದರಾಬಾದಿನ ಒಬ್ಬ ಶಾಲಾ ಮೇಷ್ಟ್ರು, ಕೋಚ್ ಸೈಯದ್ ಅಬ್ದುಲ್ ರಹೀಮ್.

ಇವತ್ತಾಗಿದ್ದರೆ ಏನಾಗ್ತಿತ್ತು? ಆಟ ಮುಗಿಯೋ ಮೊದಲೇ ಅವರ ಹೆಸರು ಟ್ರೆಂಡ್ ಆಗ್ತಿತ್ತು. ಮಾರನೇ ದಿನ ಬೆಳಿಗ್ಗೆ ನಾಲ್ಕು ಸಾಲಿನ ಪ್ರಕಟಣೆ ಬರ್ತಿತ್ತು: ಅವರ ಸೇವೆಗೆ ಧನ್ಯವಾದ, ಮುಂದಿನ ದಿನಗಳಿಗೆ ಶುಭ ಹಾರೈಕೆ. ಅಲ್ಲಿಗೆ ಮುಗೀತು.

ಹಾಗಾಗಲಿಲ್ಲ. ನಾಲ್ಕು ವರ್ಷದ ನಂತರ ಇದೇ ರಹೀಮ್ ಭಾರತವನ್ನು ಒಲಿಂಪಿಕ್ಸ್ ಸೆಮಿಫೈನಲ್‌ಗೆ ಕರೆದೊಯ್ದರು. ಹತ್ತು ವರ್ಷದ ನಂತರ ಏಷ್ಯನ್ ಗೇಮ್ಸ್ ಚಿನ್ನ ತಂದರು. ಅದಾಗಿ ಆರು ದಶಕ ದಾಟಿದೆ, ನಮ್ಮ ಪುರುಷರ ಫುಟ್‌ಬಾಲ್ ತಂಡಕ್ಕೆ ಆ ಚಿನ್ನ ಮತ್ತೆ ಸಿಕ್ಕಿಲ್ಲ. ರಹೀಮರ ಬದುಕನ್ನು ನಾನು ಒಬ್ಬ ಮಹಾನ್ ಕೋಚ್‌ನ ಕತೆಯಾಗಿ ಮಾತ್ರ ಓದಲ್ಲ. ಸೋಲಿಗೂ ಅನ್ನಕ್ಕೂ ಇರುವ ಸಂಬಂಧದ ಕತೆಯಾಗಿ ಓದುತ್ತೇನೆ.

ವೈಟ್‌ಫೀಲ್ಡಿನಲ್ಲಿ ಕೂತು ಇದನ್ನು ಓದುವುದು

ನಾನು ಕೆಲಸ ಮಾಡುವುದು ವೈಟ್‌ಫೀಲ್ಡ್ ಕಡೆ. ಇಲ್ಲಿ ‘ಪಿಪ್’ ಅನ್ನೋ ಮೂರಕ್ಷರದ ಪದ ಗೊತ್ತಿಲ್ಲದವರಿಲ್ಲ. ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್. ಹೆಸರು ಕೇಳಿದರೆ ಯಾರೋ ನಿಮ್ಮನ್ನು ಉದ್ಧಾರ ಮಾಡೋಕೆ ಹೊರಟಂತಿದೆ. ಅದರೊಳಗೆ ಹೋದವರಿಗೆ ಮಾತ್ರ ಗೊತ್ತು, ಬಹಳ ಸಲ ಅದು ಬಾಗಿಲು ತೋರಿಸುವ ಮರ್ಯಾದಸ್ಥ ವಿಧಾನ. ಗುರುವಾರ ರಾತ್ರಿ ನಾವು ಕೆಲವರು ಟರ್ಫ್ ಬಾಡಿಗೆಗೆ ಹಿಡಿದು ಫುಟ್‌ಬಾಲ್ ಆಡ್ತೀವಿ. ಆಟದ ಮಧ್ಯೆ ನೀರು ಕುಡಿಯೋವಾಗ ಎರಡೇ ವಿಷಯ: ಯಾವ ಕ್ಲಬ್ ಕೋಚ್‌ನ ಕಳಿಸಿತು, ಯಾವ ಕಂಪನಿ ಯಾರನ್ನ ಕಳಿಸಿತು. ಎರಡನ್ನೂ ಒಂದೇ ದನಿಯಲ್ಲಿ ಮಾತಾಡ್ತೀವಿ. ಅದು ಆಕಸ್ಮಿಕ ಅಂತ ನನಗನಿಸಲ್ಲ.

ನಮ್ಮೂರಿನ ಕ್ಲಬ್ಬನ್ನೇ ನೋಡಿ. 2018-19ರಲ್ಲಿ ಬೆಂಗಳೂರು ಎಫ್‌ಸಿಗೆ ಐಎಸ್‌ಎಲ್ ಕಿರೀಟ ಗೆದ್ದುಕೊಟ್ಟವರು ಕಾರ್ಲೆಸ್ ಕ್ವಾಡ್ರಾಟ್. 2021ರ ಜನವರಿಯಲ್ಲಿ, ಸತತ ಮೂರು ಸೋಲಿನ ಬೆನ್ನಿಗೆ, ಅವರು ಹೊರಗೆ. 2022ರಲ್ಲಿ ಡುರಾಂಡ್ ಕಪ್ ಗೆಲ್ಲಿಸಿ, ಅದೇ ಋತುವಿನಲ್ಲಿ ತಂಡವನ್ನು ಐಎಸ್‌ಎಲ್ ಫೈನಲ್‌ಗೆ ಒಯ್ದವರು ಸೈಮನ್ ಗ್ರೇಸನ್. 2023ರ ಡಿಸೆಂಬರ್‌ನಲ್ಲಿ ಅವರೂ ಹೊರಗೆ. ಈ ಕ್ಲಬ್ ಮಾತ್ರ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಜಗತ್ತಿನ ಎಲ್ಲ ದೊಡ್ಡ ಲೀಗ್‌ಗಳಲ್ಲೂ ಕೋಚ್ ಅಂದರೆ ಈಗ ಹೀಗೇ. ಹನ್ನೊಂದು ಆಟಗಾರರನ್ನು ಒಟ್ಟಿಗೆ ತೆಗೆಯೋಕೆ ಆಗಲ್ಲ, ಆದ್ದರಿಂದ ಒಬ್ಬರನ್ನು ತೆಗೆದು ಎಲ್ಲವೂ ಸರಿಹೋಯಿತು ಅಂತ ಅಭಿಮಾನಿಗಳಿಗೆ ತೋರಿಸಬೇಕು.

ಈ ಕಾಲದಿಂದ ಹಿಂದಕ್ಕೆ ತಿರುಗಿ ರಹೀಮರನ್ನು ನೋಡಿದಾಗ ನನಗೆ ಮೊದಲು ಕಂಡದ್ದು ಅವರ ತಂತ್ರಗಾರಿಕೆ ಅಲ್ಲ, ಅವರಿಗೆ ಸಿಕ್ಕ ಸಮಯ.

ಮೇಷ್ಟ್ರ ಕಾರ್ಖಾನೆ

ರಹೀಮ್ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮರ ಸಂಸ್ಥಾನ. ನಮ್ಮ ಬೀದರ್, ಕಲಬುರಗಿ, ರಾಯಚೂರು ಕೂಡ ಅದೇ ಸಂಸ್ಥಾನದ ಜಿಲ್ಲೆಗಳು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ಆಡಿದರು, ಆಮೇಲೆ ಶಾಲೆಗಳಲ್ಲಿ ಪಾಠ ಹೇಳಿದರು. ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಮೈದಾನದ ಕಡೆ ವಾಲಿದರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಿಂದ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್. ಅದೇ ಸುಮಾರಿಗೆ ಭಾರತ ತಂಡದ ಹೊಣೆಯೂ ಬಂತು. ಆಟಗಾರರ ಬಾಯಲ್ಲಿ ಅವರು ರಹೀಮ್ ಸಾಬ್.

ಅವರು ಶುರು ಮಾಡಿದ್ದು ತಂಡದಿಂದಲ್ಲ, ಮಕ್ಕಳಿಂದ. ಊರಲ್ಲಿ ವಿಚಿತ್ರವಾದ ಟೂರ್ನಿಗಳನ್ನು ನಡೆಸುತ್ತಿದ್ದರು. ಒಂದರಲ್ಲಿ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವಂತಿಲ್ಲ, ಬಂದ ಕೂಡಲೇ ಪಾಸ್ ಕೊಡಬೇಕು. ಇನ್ನೊಂದರಲ್ಲಿ ಬಲಗಾಲಿನವನು ಎಡಗಾಲಲ್ಲೇ ಆಡಬೇಕು. ಆ ಕಾಲದಲ್ಲಿ ನಮ್ಮ ಫುಟ್‌ಬಾಲ್ ಅಂದರೆ ಒಬ್ಬೊಬ್ಬನ ಕಾಲ್ಚಳಕ. ನಾಲ್ಕು ಜನರನ್ನು ತಪ್ಪಿಸಿಕೊಂಡು ಹೋದವನಿಗೆ ಚಪ್ಪಾಳೆ. ಅದನ್ನು ಮುರಿಯಲು ಭಾಷಣ ಸಾಲದು ಅಂತ ಮೇಷ್ಟ್ರಿಗೆ ಗೊತ್ತಿತ್ತು. ಆಟದ ನಿಯಮವನ್ನೇ ಬದಲಿಸಿದರೆ ಹುಡುಗರ ಕಾಲು ತಾನಾಗಿ ಕಲಿಯುತ್ತೆ.

ಇಂಥ ಕೆಲಸ ಒಂದು ಕ್ವಾರ್ಟರ್‌ನಲ್ಲಿ ಫಲ ಕೊಡಲ್ಲ. ಎಡಗಾಲಲ್ಲಿ ಆಡೋಕೆ ಕಲಿಯುವ ಹುಡುಗ ಮೊದಲ ಆರು ತಿಂಗಳು ಮೊದಲಿಗಿಂತ ಕೆಟ್ಟದಾಗಿ ಆಡ್ತಾನೆ. ಆ ಆರು ತಿಂಗಳು ಯಾರ ಕುತ್ತಿಗೆಯೂ ಹೋಗಬಾರದು.

ಹೋಗಲಿಲ್ಲ. ಪೊಲೀಸ್ ತಂಡದ ಆಟಗಾರರು ಇಲಾಖೆಯ ನೌಕರರು. ಗೆದ್ದರೂ ಸೋತರೂ ತಿಂಗಳ ಕೊನೆಗೆ ಸಂಬಳ ಬರ್ತಿತ್ತು. ಕೋಚ್‌ನ ಹೊಟ್ಟೆಪಾಡು ಕೂಡ ಭಾನುವಾರದ ಫಲಿತಾಂಶದ ಮೇಲೆ ನಿಂತಿರಲಿಲ್ಲ. ಆ ತಂಡ ಬಾಂಬೆಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತ ಐದು ಸಲ ಗೆದ್ದಿತು. 1950ರಲ್ಲೇ ಮೋಹನ್ ಬಾಗಾನ್ ಸೋಲಿಸಿ ಡುರಾಂಡ್ ಕಪ್ ಕೂಡ ಎತ್ತಿತು. ಕೆಲಸ ಭದ್ರವಾದರೆ ಜನ ಸೋಮಾರಿಗಳಾಗ್ತಾರೆ ಅನ್ನೋ ವಾದವನ್ನು ದಿನಾ ಕೇಳುವ ನಮಗೆ ಇದು ಯೋಚಿಸಬೇಕಾದ ಲೆಕ್ಕ.

ಬೆಂಗಳೂರಿಗೂ ಇಂಥದ್ದೇ ಒಂದು ಚರಿತ್ರೆ ಇದೆ. 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್. ಸ್ವಾತಂತ್ರ್ಯದ ನಂತರ ಎಚ್‌ಎಎಲ್, ಐಟಿಐನಂಥ ಸಾರ್ವಜನಿಕ ಕಾರ್ಖಾನೆಗಳು ತಮ್ಮ ತಂಡಗಳನ್ನು ಕಟ್ಟಿದವು. ಚೆನ್ನಾಗಿ ಆಡುವ ಹುಡುಗನಿಗೆ ಕಾರ್ಖಾನೆಯಲ್ಲಿ ಕೆಲಸ, ಸಂಜೆ ಅಭ್ಯಾಸ. ಮಂಡಿ ಮುರಿದರೂ ಮನೆಯ ಒಲೆ ಆರುತ್ತಿರಲಿಲ್ಲ. ಮೈಸೂರು ರಾಜ್ಯ ತಂಡ 1968 ಮತ್ತು 1969ರಲ್ಲಿ ಸಾಲಾಗಿ ಸಂತೋಷ್ ಟ್ರೋಫಿ ಗೆದ್ದದ್ದು ಇಂಥ ಕಾರ್ಖಾನೆ ಮೈದಾನಗಳ ಕಾಲದಲ್ಲಿ. ಆಮೇಲೆ ಕರ್ನಾಟಕ ಆ ಟ್ರೋಫಿಯನ್ನು ಮತ್ತೆ ಮುಟ್ಟಿದ್ದು 54 ವರ್ಷದ ನಂತರ, 2023ರಲ್ಲಿ.

ಸೋಲನ್ನು ಓದುವ ಕಲೆ

ಮತ್ತೆ ಹೆಲ್ಸಿಂಕಿಗೆ ಬರೋಣ. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಇರಾನ್ ಸೋಲಿಸಿ ಚಿನ್ನ ಗೆದ್ದ ತಂಡ ಅದು. ದೇಶದ ನಿರೀಕ್ಷೆ ಆಕಾಶದಲ್ಲಿತ್ತು. ಒಂದೇ ವರ್ಷದಲ್ಲಿ 10-1.

ಆ ಸೋಲಿಗೆ ಕಾರಣಗಳು ಹುಡುಕಬೇಕಾದಷ್ಟು ಗುಟ್ಟಿನವಲ್ಲ. ನಮ್ಮವರು ಹಲವರು ಬರಿಗಾಲಲ್ಲಿ ಆಡಿದರು, ಅದೂ ಫಿನ್‌ಲ್ಯಾಂಡಿನ ಚಳಿಯಲ್ಲಿ. ದೇಶದೊಳಗೆ ಪಂದ್ಯಗಳು 90 ನಿಮಿಷಕ್ಕಿಂತ ಕಡಿಮೆ ಇರುತ್ತಿದ್ದವು, ಹಾಗಾಗಿ ಕೊನೆಯ ಹೊತ್ತಿಗೆ ಉಸಿರು ಸಾಲುತ್ತಿರಲಿಲ್ಲ. ಎದುರಿಗಿದ್ದ ಯುಗೊಸ್ಲಾವಿಯಾ ಆ ಸಲ ಬೆಳ್ಳಿ ಗೆದ್ದ ತಂಡ. ಇವುಗಳಲ್ಲಿ ಯಾವುದು ಕೋಚ್ ಒಬ್ಬರ ತಪ್ಪು? ಬೂಟು ಹಾಕಬೇಕೋ ಬೇಡವೋ ಅನ್ನೋದು, ಪಂದ್ಯ ಎಷ್ಟು ನಿಮಿಷ ಅನ್ನೋದು, ಇಡೀ ವ್ಯವಸ್ಥೆಯ ತೀರ್ಮಾನ. ಕೋಚ್‌ನ ತಲೆ ತೆಗೆದಿದ್ದರೆ ಸುದ್ದಿಯಾಗುತ್ತಿತ್ತು, ಕಾಲು ಮಾತ್ರ ಬರಿಗಾಲಾಗಿಯೇ ಉಳಿಯುತ್ತಿತ್ತು.

ಆ ಸೋಲಿನ ಬಳಿಕ ಫುಟ್‌ಬಾಲ್ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ರಹೀಮ್ ತಮ್ಮ ಪಾಲಿನ ಕೆಲಸ ಮಾಡಿದರು. ಯುರೋಪಿನ ತಂಡಗಳು ಮೈದಾನವನ್ನು ಹೇಗೆ ಹಂಚಿಕೊಳ್ಳುತ್ತವೆ ಅಂತ ನೋಡಿಕೊಂಡು ಬಂದಿದ್ದರು. ಅದನ್ನು ನಮ್ಮ ಹುಡುಗರ ಮೈಕಟ್ಟಿಗೆ ಹೊಂದಿಸಿದರು: ಓಟ, ಗಿಡ್ಡ ಪಾಸು, ಜಾಗ ಬದಲಾಯಿಸುವುದು, ನಡುವಿನ ಫಾರ್ವರ್ಡ್ ಒಬ್ಬ ಹಿಂದೆ ಸರಿದು ಎದುರಾಳಿ ರಕ್ಷಕನನ್ನು ತನ್ನ ಜೊತೆ ಎಳೆದು ತರುವುದು.

ಇದರ ಫಲ ಕಂಡದ್ದು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ. ಆತಿಥೇಯ ಆಸ್ಟ್ರೇಲಿಯಾ ಎದುರು 4-2ರ ಗೆಲುವು, ನೆವಿಲ್ ಡಿಸೋಜಾ ಹ್ಯಾಟ್ರಿಕ್. ಒಲಿಂಪಿಕ್ಸ್ ಫುಟ್‌ಬಾಲ್ ಸೆಮಿಫೈನಲ್ ತಲುಪಿದ ಮೊದಲ ಏಷ್ಯನ್ ತಂಡ ಭಾರತ. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಕೂಡ ಇದ್ದರು. ಸೆಮಿಫೈನಲ್‌ನಲ್ಲಿ ಎದುರಾದದ್ದು ಯಾರು? ಅದೇ ಯುಗೊಸ್ಲಾವಿಯಾ. ನೆವಿಲ್ ಡಿಸೋಜಾ ಮೊದಲ ಗೋಲು ಹೊಡೆದು ಭಾರತವೇ ಮುಂದಿತ್ತು. ಕೊನೆಗೆ 4-1ರಿಂದ ಸೋತೆವು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ ಎದುರೂ ಸೋತು ನಾಲ್ಕನೇ ಸ್ಥಾನ.

ಪದಕಪಟ್ಟಿ ನೋಡುವವನಿಗೆ ಇದು ಸೊನ್ನೆ. ನನಗೆ ಇಡೀ ಕತೆಯಲ್ಲಿ ಇದೇ ಮುಖ್ಯ ಅಂಕಿ. ಅದೇ ಎದುರಾಳಿ, ಅದೇ ವೇದಿಕೆ, ನಾಲ್ಕು ವರ್ಷದಲ್ಲಿ ಒಂಬತ್ತು ಗೋಲಿನ ಅಂತರ ಮೂರಕ್ಕೆ ಇಳಿದಿತ್ತು. ಸೋತ ಮನುಷ್ಯನನ್ನೇ ಉಳಿಸಿಕೊಂಡರೆ ಮಾತ್ರ ಈ ಲೆಕ್ಕ ಸಿಗುತ್ತೆ. ಪ್ರತಿ ಸೋಲಿಗೂ ಹೊಸಬರನ್ನು ತಂದರೆ ಹಳೇ ಸೋಲಿನ ಪಾಠ ಹಳಬರ ಜೊತೆಗೇ ಗೇಟು ದಾಟಿ ಹೋಗುತ್ತೆ.

1960ರ ರೋಮ್‌ನಲ್ಲಿ ಅದೃಷ್ಟ ಇನ್ನೂ ಕಠಿಣವಾಗಿತ್ತು. ಗುಂಪಿನಲ್ಲಿ ಹಂಗೇರಿ, ಫ್ರಾನ್ಸ್, ಪೆರು. ಹಂಗೇರಿ ಎದುರು 2-1ರ ಸೋಲು, ಫ್ರಾನ್ಸ್ ಜೊತೆ 1-1ರ ಸಮಬಲ, ಪೆರು ಎದುರು 3-1ರ ಸೋಲು. ಒಂದೂ ಗೆಲುವಿಲ್ಲದೆ ವಾಪಸ್. ಅಪ್ರೈಸಲ್ ಭಾಷೆಯಲ್ಲಿ ಹೇಳಬೇಕಂದ್ರೆ ಗುರಿ ಮುಟ್ಟಿಲ್ಲ. ಆ ಹಂಗೇರಿ ಕಂಚು ಗೆದ್ದ ತಂಡ, ಅದರ ಎದುರು ನಾವು ಒಂದೇ ಗೋಲಿನಿಂದ ಸೋತೆವು ಅನ್ನೋದಕ್ಕೆ ಆ ಫಾರ್ಮಿನಲ್ಲಿ ಕಾಲಂ ಇರಲ್ಲ.

ಜಕಾರ್ತ

1962ರ ಏಷ್ಯನ್ ಗೇಮ್ಸ್‌ಗೆ ಹೋಗುವಾಗ ರಹೀಮರ ದೇಹವನ್ನು ಕ್ಯಾನ್ಸರ್ ತಿನ್ನುತ್ತಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2-0ರ ಸೋಲು. ಆಮೇಲೆ ಥಾಯ್ಲೆಂಡ್ ಮೇಲೆ 4-1, ಜಪಾನ್ ಮೇಲೆ 2-0. ಆದರೆ ಈ ನಡುವೆ ರಕ್ಷಣೆಯ ಬೆನ್ನೆಲುಬಾಗಿದ್ದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದವು.

ಗಾಯಗೊಂಡ ರಕ್ಷಕನನ್ನು ರಹೀಮ್ ಮುಂದಿನ ಸಾಲಿಗೆ ತಂದರು. ತಲೆಗೆ ಬ್ಯಾಂಡೇಜ್ ಸುತ್ತಿಕೊಂಡ ಡಿಫೆಂಡರ್ ಈಗ ಸೆಂಟರ್ ಫಾರ್ವರ್ಡ್! ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ಎದುರು 3-2ರ ಗೆಲುವು. ಎರಡು ಗೋಲು ನಾಯಕ ಚುನಿ ಗೋಸ್ವಾಮಿ ಅವರದು, ಒಂದು ಜರ್ನೈಲ್ ಅವರದು. ಫೈನಲ್‌ಗೆ ಗೋಲ್‌ಕೀಪರನ್ನೂ ಬದಲಿಸಿದರು. ಪ್ರದ್ಯುತ್ ಬರ್ಮನ್ ಜಾಗಕ್ಕೆ ಜ್ವರದಿಂದ ಎದ್ದು ಬಂದ ಎತ್ತರದ ಪೀಟರ್ ತಂಗರಾಜ್. ಬೆಂಗಳೂರಿನ ಅರುಮೈನಾಯಗಂ ಕೂಡ ಆ ತಂಡದ ಸದಸ್ಯರು.

ಇಂಥ ನಿರ್ಧಾರ ತಗೊಳ್ಳೋಕೆ ಧೈರ್ಯ ಬೇಕು ಅಂತೀವಿ. ನಿಜ. ಆದರೆ ಧೈರ್ಯಕ್ಕೂ ಒಂದು ನೆಲ ಬೇಕು. ಕುರ್ಚಿ ಅಲುಗಾಡುತ್ತಿರುವವನು ಎಲ್ಲರೂ ಒಪ್ಪುವ ದಾರಿಯನ್ನೇ ಹಿಡಿಯುತ್ತಾನೆ, ಯಾಕಂದ್ರೆ ಸೋತಾಗ ಪುಸ್ತಕದ ಪ್ರಕಾರವೇ ಮಾಡಿದ್ದೆ ಅಂತ ಹೇಳಿಕೊಳ್ಳಬಹುದು. ನಮ್ಮ ಆಫೀಸುಗಳಲ್ಲಿ ಪಿಪ್‌ನಲ್ಲಿರುವ ಗೆಳೆಯರನ್ನು ಗಮನಿಸಿ. ಹೊಸದೇನನ್ನೂ ಮುಟ್ಟಲ್ಲ, ತಪ್ಪಾಗದಿದ್ದರೆ ಸಾಕು ಅಂತ ದಿನ ತಳ್ತಾರೆ. ಭಯ ಮನುಷ್ಯನನ್ನು ಚುರುಕು ಮಾಡುತ್ತೆ ಅನ್ನೋರು ಭಯಪಟ್ಟವನ ಪಕ್ಕದ ಸೀಟಲ್ಲಿ ಕೂತು ನೋಡಿಲ್ಲ.

ಸೆಪ್ಟೆಂಬರ್ 4ರ ಫೈನಲ್. ಎದುರಿಗೆ ಮೊದಲ ಪಂದ್ಯದಲ್ಲಿ ಸೋಲಿಸಿದ್ದ ಅದೇ ದಕ್ಷಿಣ ಕೊರಿಯಾ. ಕಿಕ್ಕಿರಿದ ಕ್ರೀಡಾಂಗಣ ಪೂರ್ತಿ ಭಾರತದ ವಿರುದ್ಧ. ಕಾರಣ ಆಟಗಾರರದ್ದಲ್ಲ. ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳಿಗೆ ಇಂಡೊನೇಷ್ಯಾ ಸರ್ಕಾರ ಬಾಗಿಲು ಮುಚ್ಚಿತ್ತು. ಹಾಗಿದ್ದರೆ ಇದನ್ನು ಏಷ್ಯನ್ ಗೇಮ್ಸ್ ಅಂತ ಕರೆಯಬಾರದು ಎಂದು ಭಾರತದ ಕ್ರೀಡಾ ಆಡಳಿತಗಾರ ಜಿ.ಡಿ. ಸೋಂಧಿ ನಿಲುವು ತಳೆದಿದ್ದರು. ಸಿಟ್ಟಾದ ಗುಂಪು ಭಾರತದ ರಾಯಭಾರ ಕಚೇರಿಯ ಮೇಲೂ ದಾಳಿ ಮಾಡಿತ್ತು. ಅಂಥ ಊರಿನಲ್ಲಿ, ಅಂಥ ಸದ್ದಿನ ನಡುವೆ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಸಿಂಗ್ ಒಂದು ಗೋಲು ಹೊಡೆದರು. 2-1. ಚಿನ್ನ.

ಒಂಬತ್ತು ತಿಂಗಳಲ್ಲಿ, 1963ರ ಜೂನ್ 11ರಂದು ರಹೀಮ್ ತೀರಿಕೊಂಡರು. ವಯಸ್ಸು 53. ಅವರು ಬದುಕಿದ್ದಾಗ ದೊಡ್ಡ ಪ್ರಶಸ್ತಿ ಯಾವುದೂ ಬಾಗಿಲು ತಟ್ಟಲಿಲ್ಲ. ಕೋಚ್‌ಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಹುಟ್ಟಿದ್ದೇ 1985ರಲ್ಲಿ. 2024ರಲ್ಲಿ ‘ಮೈದಾನ್’ ಸಿನಿಮಾ ಬಂದ ಮೇಲೆ ನಮ್ಮ ತಲೆಮಾರಿನ ಬಹಳ ಜನಕ್ಕೆ ಅವರ ಹೆಸರು ಗೊತ್ತಾಯಿತು. ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದ ಅವರ ಮಗ ಸೈಯದ್ ಶಾಹಿದ್ ಹಕೀಮ್ 2021ರ ಆಗಸ್ಟ್‌ನಲ್ಲಿ ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯ ಆಸ್ಪತ್ರೆಯಲ್ಲಿ.

ಹಾಗಾದರೆ ಯಾರನ್ನೂ ಪ್ರಶ್ನಿಸಬಾರದಾ?

ಈ ಪ್ರಶ್ನೆ ನ್ಯಾಯವಾದದ್ದೇ. ಹಳೇ ಇಲಾಖಾ ತಂಡಗಳೆಲ್ಲ ಸ್ವರ್ಗ ಅಂತ ನಾನು ನಂಬಿಲ್ಲ. ವಶೀಲಿ ಇತ್ತು, ಮೇಲಧಿಕಾರಿಯ ದರ್ಬಾರು ಇತ್ತು, ಕೆಲಸ ಸಿಕ್ಕ ಮೇಲೆ ಬೂಟು ಮೂಲೆಗೆಸೆದವರೂ ಇದ್ದರು. ಭದ್ರತೆ ಸಿಕ್ಕವರೆಲ್ಲ ರಹೀಮ್ ಆಗಲ್ಲ.

ಆದರೆ ಭದ್ರತೆ ಸಿಗದವರಲ್ಲಿ ಎಷ್ಟು ರಹೀಮರು ಹೆಲ್ಸಿಂಕಿಯಲ್ಲೇ ಮುಗಿದುಹೋದರು ಅನ್ನೋದನ್ನು ಯಾರೂ ಎಣಿಸಲ್ಲ. ಲೆಕ್ಕ ಕೇಳುವುದು ಬೇರೆ, ಕತ್ತಿ ತೂಗಿಸುವುದು ಬೇರೆ. ಯಾಕೆ ಸೋತೆವು, ಅದರಲ್ಲಿ ನಿನ್ನ ಪಾಲೆಷ್ಟು, ನಮ್ಮ ಪಾಲೆಷ್ಟು, ಸರಿಪಡಿಸೋಕೆ ಎಷ್ಟು ದಿನ ಬೇಕು ಅಂತ ಕೇಳುವುದು ಲೆಕ್ಕ. ಉತ್ತರ ಕೇಳದೆ ಲ್ಯಾಪ್‌ಟಾಪ್ ವಾಪಸ್ ಇಸ್ಕೊಳ್ಳೋದು ಕತ್ತಿ.

ಕತ್ತಿಗೆ ಕಾನೂನಿನ ಆಶೀರ್ವಾದವೂ ಇದೆ. ಕೆಲಸದ ಷರತ್ತುಗಳೇನು, ಯಾವ ಕಾರಣಕ್ಕೆ, ಯಾವ ಕ್ರಮದಲ್ಲಿ ತೆಗೆಯಬಹುದು ಅನ್ನೋದನ್ನು ಬರೆದಿಡಲೇಬೇಕು ಅಂತ 1946ರಲ್ಲೇ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆ ಬಂತು. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ಅದರಿಂದ ವಿನಾಯಿತಿ ಕೊಟ್ಟಿತು. 2024ರಲ್ಲಿ, ನೌಕರರ ಸಂಘ ವಿರೋಧಿಸಿದರೂ, ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಪಕ್ಷ ಯಾವುದೇ ಇರಲಿ, ಈ ವಿಷಯದಲ್ಲಿ ಎಲ್ಲರದೂ ಒಂದೇ ಟೀಮು. ಇನ್ನು ಹಳೇ ಸಾರ್ವಜನಿಕ ಕಾರ್ಖಾನೆಗಳ ಕತೆ? 2021ರ ಡಿಸೆಂಬರ್‌ನಲ್ಲಿ ದೂರವಾಣಿನಗರದ ಐಟಿಐ ಗೇಟಿನ ಹೊರಗೆ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ವರ್ಷಗಟ್ಟಲೆ ದುಡಿದವರಿಗೆ ಒಂದು ದಿನ ಬೆಳಿಗ್ಗೆ ಒಳಗೆ ಪ್ರವೇಶ ಇರಲಿಲ್ಲ. ಒಂದು ಕಾಲಕ್ಕೆ ಫುಟ್‌ಬಾಲ್ ಆಡುವವನಿಗೂ ಕಾಯಂ ಕೆಲಸ ಕೊಟ್ಟ ಕಾರ್ಖಾನೆ ಅದು.

ಪೀಣ್ಯದ ಶೆಡ್ಡಿನಲ್ಲಿ ಲೇತ್ ತಿರುಗಿಸುವ ಹುಡುಗನಿಗೂ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೋಡ್ ಬರೆಯುವ ಹುಡುಗಿಗೂ, ಕಂಠೀರವದ ಟಚ್‌ಲೈನ್‌ನಲ್ಲಿ ನಿಂತ ಕೋಚ್‌ಗೂ ಸಂಬಳ ಒಂದೇ ಅಲ್ಲ. ಕೋಚ್‌ಗೆ ಪರಿಹಾರ ಸಿಗುತ್ತೆ, ಲೇತ್ ಹುಡುಗನಿಗೆ ಬಸ್ ಚಾರ್ಜೂ ಸಿಗಲ್ಲ. ಆದರೆ ಮೂವರನ್ನೂ ಅಳೆಯುವ ಕೋಲು ಒಂದೇ ಆಗಿದೆ: ಕೊನೆಯ ಫಲಿತಾಂಶ. ಹಾಗಾಗಿ ಕೋಚ್ ಹೋದಾಗ ಪಟಾಕಿ ಹೊಡೆಯುವ ಮೊದಲು ನಾವು ಒಂದು ಪ್ರಶ್ನೆ ಕೇಳಿಕೊಳ್ಳಬೇಕು ಅಂತ ನನಗನಿಸುತ್ತೆ. ಆಟಗಾರರನ್ನು ಕೊಂಡವರು ಯಾರು, ಪಂದ್ಯಗಳನ್ನು ಹೀಗೆ ಜೋಡಿಸಿದವರು ಯಾರು, ಮಕ್ಕಳ ಅಕಾಡೆಮಿಗೆ ಹಣ ಇಟ್ಟವರು ಯಾರು, ಅವರ ಹೆಸರು ಆ ಪ್ರಕಟಣೆಯಲ್ಲಿ ಇದೆಯಾ? ಇದೇ ಪ್ರಶ್ನೆಯನ್ನು ನಮ್ಮ ಆಫೀಸಿನಲ್ಲಿ ಪಕ್ಕದ ಸೀಟು ಖಾಲಿಯಾದ ದಿನವೂ ಕೇಳಬೇಕು.

ರಹೀಮ್ ಸಾಬ್ ಸೋತ ಪಂದ್ಯಗಳ ಪಟ್ಟಿ ಚಿಕ್ಕದಲ್ಲ. ಆ ಸೋಲುಗಳೆಲ್ಲ ಅವರ ಹತ್ತಿರವೇ ಉಳಿದವು, ಹಾಗಾಗಿ ಜಕಾರ್ತದಲ್ಲಿ ಕೆಲಸಕ್ಕೆ ಬಂದವು.